ಆಸ್ಪತ್ರೆಗೆ ಒಂದು ಸಲ ಬಂದು ಹೋಗುವ ಬೆಲೆ: ರೋಗಿಯ ಅನುಕೂಲದ ಲೆಕ್ಕಾಚಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ತಾಲ್ಲೂಕು ಮತ್ತು ಜಿಲ್ಲಾಸ್ಪತ್ರೆಗಳ ಆಡಳಿತ ನೋಡಿಕೊಳ್ಳುವವರು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು ಮತ್ತು ಚಿಕ್ಕ ನರ್ಸಿಂಗ್ ಹೋಂ ನಡೆಸುವವರಿಗಾಗಿ. ಉದಾಹರಣೆಗಳಲ್ಲಿ ಬರುವ ಬಸ್ ಚಾರ್ಜು, ಆಟೋ, ತಿಂಡಿ ಖರ್ಚು ನಾವು ಹಿಡಿದ ಅಂದಾಜು. ಅವುಗಳ ಜಾಗದಲ್ಲಿ ನಿಮ್ಮೂರಿನ ಅಂಕಿ ಹಾಕಿಕೊಳ್ಳಿ, ಲೆಕ್ಕದ ದಾರಿ ಬದಲಾಗುವುದಿಲ್ಲ.

ರೋಗಿಯ ಅನುಕೂಲ ಅಂದರೆ ಕುರ್ಚಿ, ಫ್ಯಾನು, ಕುಡಿಯುವ ನೀರು ತಾನೇ? ಅದಕ್ಕೆ ಆರ್ಥಿಕ ಮೌಲ್ಯ ಎಲ್ಲಿಂದ ಬಂತು?

ಕುರ್ಚಿ, ನೀರು, ಶೌಚಾಲಯ ಇರಲೇಬೇಕು. ಆದರೆ ಇಲ್ಲಿ ಹೇಳುತ್ತಿರುವುದು ಬೇರೆ: ಒಂದು ಚಿಕಿತ್ಸೆ ಪಡೆಯಲು ರೋಗಿ ಎಷ್ಟು ಸಲ ಮನೆಯಿಂದ ಹೊರಡಬೇಕು, ಎಷ್ಟು ದೂರ ಬರಬೇಕು, ಎಷ್ಟು ಹೊತ್ತು ಕಾಯಬೇಕು, ಜೊತೆಗೆ ಎಷ್ಟು ಜನರನ್ನು ಕರೆತರಬೇಕು. ಈ ನಾಲ್ಕಕ್ಕೂ ರೂಪಾಯಿಯಲ್ಲಿ ಬೆಲೆ ಕಟ್ಟಬಹುದು. ಸಮಯವೂ ಒಂದು ಬೆಲೆ ಎಂಬ ವಾದಕ್ಕೆ 1965ರಲ್ಲಿ ಗ್ಯಾರಿ ಬೆಕರ್ ಅರ್ಥಶಾಸ್ತ್ರದೊಳಗೆ ಒಂದು ಚೌಕಟ್ಟು ಕೊಟ್ಟರು. ಆಮೇಲೆ ಆರೋಗ್ಯ ಕ್ಷೇತ್ರದವರು ಅದನ್ನೇ ಹಿಡಿದು, ಶುಲ್ಕವಿಲ್ಲದ ಆಸ್ಪತ್ರೆಯಲ್ಲಿ ಯಾರು ಬರುತ್ತಾರೆ, ಯಾರು ಬರುವುದನ್ನು ಬಿಡುತ್ತಾರೆ ಎಂಬುದನ್ನು ದೂರ ಮತ್ತು ಕಾಯುವಿಕೆಯೇ ತೀರ್ಮಾನಿಸುತ್ತವೆ ಎಂದು ತೋರಿಸಿದರು. ಹಣ ಕೇಳದ ಕಡೆ ಸಮಯವೇ ಶುಲ್ಕ.

ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, ವೈದ್ಯರ ಫೀಸಿಲ್ಲ. ಇನ್ನೇನು ಖರ್ಚು?

ಬಿಪಿ ಇರುವ 55 ವರ್ಷದ ಕೃಷಿ ಕೂಲಿಕಾರರೊಬ್ಬರನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಹಳ್ಳಿಯಿಂದ ಜಿಲ್ಲಾಸ್ಪತ್ರೆಗೆ 40 ಕಿಲೋಮೀಟರ್. ಮಗ ಜೊತೆಗೆ ಬರುತ್ತಾನೆ.

ಇಬ್ಬರಿಗೆ ಹೋಗಿ ಬರುವ ಬಸ್ ಚಾರ್ಜು 220 ರೂ.
ಬಸ್ ನಿಲ್ದಾಣದಿಂದ ಆಸ್ಪತ್ರೆಗೆ ಆಟೋ, ಎರಡು ಸಲಕ್ಕೆ 100 ರೂ.
ತಿಂಡಿ, ಕಾಫಿ 120 ರೂ.
ಇಬ್ಬರ ಒಂದು ದಿನದ ಕೂಲಿ 740 ರೂ. (2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾಗಿದ್ದ ನರೇಗಾ ಕೂಲಿ ದಿನಕ್ಕೆ 370 ರೂ. ಹಿಡಿದು)
ಒಟ್ಟು 1,180 ರೂ.

ಇಷ್ಟೆಲ್ಲ ಆದ ಮೇಲೆ ಕೈಗೆ ಸಿಗುವುದು ಒಂದು ತಿಂಗಳಿಗಾಗುವಷ್ಟು ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ. ಅದೇ ಮೂವತ್ತು ಮಾತ್ರೆ ಜನೌಷಧಿ ಮಳಿಗೆಯಲ್ಲಿ ಐವತ್ತು ರೂಪಾಯಿಯೊಳಗೆ ಸಿಗುತ್ತದೆ. ಐವತ್ತು ರೂಪಾಯಿಯ ಔಷಧವನ್ನು ಉಚಿತವಾಗಿ ಪಡೆಯಲು 1,180 ರೂಪಾಯಿ ಹೋಯಿತು. ವರ್ಷಕ್ಕೆ ಹನ್ನೆರಡು ಸಲ ಎಂದರೆ 14,160 ರೂಪಾಯಿ. “ರೋಗಿಗಳಿಗೆ ಶಿಸ್ತಿಲ್ಲ, ಮಧ್ಯದಲ್ಲೇ ಮಾತ್ರೆ ಬಿಡುತ್ತಾರೆ” ಎಂಬ ಮಾತನ್ನು ಒಪಿಡಿಗಳಲ್ಲಿ (ಹೊರರೋಗಿ ವಿಭಾಗ) ಕೇಳುತ್ತಲೇ ಇರುತ್ತೇವೆ. ಹಾಗೆ ಹೇಳುವ ಮೊದಲು ಈ ಲೆಕ್ಕ ನೋಡಬೇಕು. ಬಿಪಿಗೆ ನೋವಿಲ್ಲ, ಆದರೆ ಕೂಲಿ ತಪ್ಪಿದರೆ ಆ ದಿನವೇ ಗೊತ್ತಾಗುತ್ತದೆ.

ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಓಡಾಟದ ಖರ್ಚೇ ಇಲ್ಲವಲ್ಲ?

2023ರ ಜೂನ್ 11ರಿಂದ ಬಸ್ ಟಿಕೆಟ್ ಉಳಿದಿದೆ, ಅದು ನಿಜವಾದ ಉಳಿತಾಯವೇ. ಮೇಲಿನ ಉದಾಹರಣೆಯಲ್ಲಿ ರೋಗಿಯೂ ಜೊತೆಗಿರುವವರೂ ಹೆಂಗಸರಾಗಿದ್ದರೆ 220 ರೂಪಾಯಿ ಇಳಿದು 960 ರೂಪಾಯಿ ಆಗುತ್ತದೆ. ದೊಡ್ಡ ಪಾಲು ಕೂಲಿಯದು, ಅದು ಹಾಗೇ ಉಳಿಯಿತು. ಸರ್ಕಾರಿ ಬಸ್ಸು ದಿನಕ್ಕೆ ಎರಡೇ ಬರುವ ಊರಾದರೆ, ಹನ್ನೊಂದು ಗಂಟೆಗೆ ಕೆಲಸ ಮುಗಿದರೂ ಸಂಜೆಯ ಬಸ್ಸಿನವರೆಗೆ ಕೂರಬೇಕು. ಹಾಗಾಗಿ ಒಪಿಡಿಯ ವೇಳೆಯನ್ನು ಬಸ್ಸಿನ ವೇಳೆಯ ಜೊತೆ ಇಟ್ಟು ನೋಡುವುದು ಒಳ್ಳೆಯದು. ಮಧ್ಯಾಹ್ನ ಒಂದೂವರೆಗೆ ಊರಿನ ಬಸ್ಸಿದ್ದು, ಔಷಧ ಕೌಂಟರಿನಲ್ಲಿ ಸರದಿ ಒಂದೂ ಮುಕ್ಕಾಲಿಗೆ ಬಂದರೆ, ಹದಿನೈದು ನಿಮಿಷದಲ್ಲಿ ಅರ್ಧ ದಿನ ಹೋಯಿತು.

ಕೂಲಿಗೆ ಹೋಗದ ಗೃಹಿಣಿ, ವಯಸ್ಸಾದವರು, ಇವರ ಸಮಯಕ್ಕೆ ಏನು ಬೆಲೆ ಹಿಡಿಯಬೇಕು?

ಸೊನ್ನೆ ಹಿಡಿಯಬೇಡಿ. ಅತಿ ಹೆಚ್ಚು ಆಗುವ ತಪ್ಪು ಇದೇ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಗೃಹಿಣಿ ಆಸ್ಪತ್ರೆಯಲ್ಲಿ ಕೂತ ದಿನ ಆ ಕೆಲಸ ಮುಂದಕ್ಕೆ ಹೋಗುತ್ತದೆ ಅಥವಾ ಶಾಲೆ ಬಿಟ್ಟ ಮಗಳ ಮೇಲೆ ಬೀಳುತ್ತದೆ. ಅಪಘಾತ ಪರಿಹಾರದ ಪ್ರಕರಣದಲ್ಲಿ ಗೃಹಿಣಿಯ ದುಡಿಮೆಗೂ ಅಂದಾಜು ಆದಾಯ ಹಿಡಿಯಬೇಕು ಎಂದು ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಮತ್ತೆ ಸ್ಪಷ್ಟವಾಗಿ ಹೇಳಿದೆ. ಆಸ್ಪತ್ರೆಯ ಲೆಕ್ಕಕ್ಕೂ ಅದೇ ನ್ಯಾಯ ಸಲ್ಲಬೇಕು.

ಸರ್ಕಾರಿ ಆಸ್ಪತ್ರೆಯ ತೀರ್ಮಾನಕ್ಕಾಗಿ ಲೆಕ್ಕ ಹಾಕುವಾಗ ಎಲ್ಲ ವಯಸ್ಕರಿಗೂ ಒಂದೇ ದಿನಗೂಲಿ ಹಿಡಿಯಿರಿ ಎಂಬುದು ನಮ್ಮ ಸಲಹೆ. ಒಬ್ಬೊಬ್ಬರ ನಿಜವಾದ ಸಂಬಳ ಹಿಡಿದರೆ ಸಾಫ್ಟ್‌ವೇರ್ ಉದ್ಯೋಗಿಯ ಒಂದು ಗಂಟೆ ಕೂಲಿಕಾರರ ಇಡೀ ದಿನಕ್ಕಿಂತ ತೂಕವಾಗುತ್ತದೆ. ಆಗ ಅನುಕೂಲವೆಲ್ಲ ಇದ್ದವರ ಕಡೆಗೇ ಹರಿಯುತ್ತದೆ.

“ಕಾಯದೇ ನೋಡಿಸಿಕೊಳ್ಳಲು ಎಷ್ಟು ಕೊಡುತ್ತೀರಿ?” ಎಂದು ರೋಗಿಗಳನ್ನೇ ಕೇಳಬಾರದೇ?

ಕೇಳಬಹುದು, ಕೇಳುವ ಪದ್ಧತಿಯೂ ಇದೆ. ಆದರೆ ಬಡವರ ಉತ್ತರ ಅವರ ಜೇಬಿನ ಗಾತ್ರವನ್ನು ಹೇಳುತ್ತದೆಯೇ ಹೊರತು ಅವರ ತೊಂದರೆಯ ಗಾತ್ರವನ್ನಲ್ಲ. ಜನ ಏನು ಮಾಡುತ್ತಾರೆ ಎಂದು ನೋಡುವುದು ಇನ್ನೂ ನಂಬಬಹುದಾದ ದಾರಿ. ಉಚಿತ ಆರೋಗ್ಯ ಕೇಂದ್ರ ಇದ್ದೂ, ಸಂಜೆ ಏಳಕ್ಕೆ ತೆರೆಯುವ ಖಾಸಗಿ ಕ್ಲಿನಿಕ್ಕಿಗೆ 150 ರೂಪಾಯಿ ಕೊಟ್ಟು ಕೂಲಿಯವರು ಹೋಗುತ್ತಿದ್ದರೆ, ಹಗಲಿನ ಕೆಲಸ ತಪ್ಪದಿರುವುದಕ್ಕೆ ಅವರು ಕನಿಷ್ಠ 150 ರೂಪಾಯಿ ಬೆಲೆ ಕಟ್ಟಿದ್ದಾರೆ ಎಂದರ್ಥ.

ಬಸ್ಸಿನಲ್ಲಿ ಕಳೆದ ಗಂಟೆ, ಸರದಿಯಲ್ಲಿ ನಿಂತ ಗಂಟೆ ಎರಡೂ ಒಂದೇನಾ?

ಅಲ್ಲ. ಸಾರಿಗೆ ಅರ್ಥಶಾಸ್ತ್ರದವರು ಕಾಯುವ ಸಮಯಕ್ಕೆ ಪ್ರಯಾಣದ ಸಮಯಕ್ಕಿಂತ ಹೆಚ್ಚು, ಕೆಲವೊಮ್ಮೆ ಎರಡು ಪಟ್ಟು ಬೆಲೆ ಹಿಡಿಯುತ್ತಾರೆ. ಇನ್ನೆಷ್ಟು ಹೊತ್ತು ಎಂದು ಗೊತ್ತಿಲ್ಲದ ಕಾಯುವಿಕೆ ಎಲ್ಲಕ್ಕಿಂತ ಭಾರ. ಈಗ ನಡೆಯುತ್ತಿರುವ ಟೋಕನ್ ಸಂಖ್ಯೆಯನ್ನು ಗೋಡೆಯ ಮೇಲೆ ಕಾಣುವಂತೆ ಬರೆದರೆ ಸರದಿ ಚಿಕ್ಕದಾಗುವುದಿಲ್ಲ, ಆದರೆ ಜನ ಶೌಚಾಲಯಕ್ಕೆ, ಊಟಕ್ಕೆ ಧೈರ್ಯವಾಗಿ ಹೋಗಿ ಬರಬಹುದು.

ಈ ಖರ್ಚೆಲ್ಲ ದೇಶದ ಆರೋಗ್ಯ ವೆಚ್ಚದ ಲೆಕ್ಕದಲ್ಲಿ ಬರುವುದಿಲ್ಲವೇ?

ತಪ್ಪಿದ ಕೂಲಿ ಬರುವುದಿಲ್ಲ. ಜನ ಕೈಯಿಂದ ಹಾಕುವ ಖರ್ಚು ಇಷ್ಟು ಶೇಕಡಾ ಎಂದು ಪತ್ರಿಕೆಗಳಲ್ಲಿ ಬರುವ ಅಂಕಿಯಲ್ಲಿ ಔಷಧ, ಫೀಸು, ಪರೀಕ್ಷೆ ಇರುತ್ತವೆ, ಹೋದ ದಿನಗಳಿರುವುದಿಲ್ಲ. ಇದನ್ನು ಸರಿಯಾಗಿ ಹಿಡಿದದ್ದು ಕ್ಷಯರೋಗದ ಕ್ಷೇತ್ರ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಚಿಕಿತ್ಸೆ, ಓಡಾಟ, ಊಟ, ತಪ್ಪಿದ ಆದಾಯ ಎಲ್ಲ ಸೇರಿ ಮನೆಯ ವಾರ್ಷಿಕ ಆದಾಯದ ಶೇ. 20 ದಾಟಿದರೆ ಅದು ಆ ಮನೆಯನ್ನು ಮುಳುಗಿಸುವ ವೆಚ್ಚ. ಮಾತ್ರೆ ಪೂರ್ತಿ ಉಚಿತವಾಗಿದ್ದರೂ ಮನೆಗಳು ಆ ಗೆರೆ ದಾಟುತ್ತವೆ. ಕ್ಷಯ ರೋಗಿಗಳಿಗಾಗಿ ಇರುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರಿನಿಂದ 1,000 ರೂಪಾಯಿ ನೇರವಾಗಿ ಖಾತೆಗೆ ಬರುತ್ತಿದೆ. ಅದು ಪೌಷ್ಟಿಕ ಆಹಾರಕ್ಕೆಂದು ಕೊಡುವ ಹಣ. ಮೇಲಿನ 1,180 ರೂಪಾಯಿಯ ಪಕ್ಕದಲ್ಲಿಟ್ಟರೆ, ಒಂದು ಅನಗತ್ಯ ಓಡಾಟ ತಪ್ಪಿಸುವುದು ಅಷ್ಟೇ ದೊಡ್ಡ ನೆರವು.

ನಮ್ಮಲ್ಲಿ ಸಾಫ್ಟ್‌ವೇರ್ ಇಲ್ಲ. ರೋಗಿಗಳು ಎಷ್ಟು ಹೊತ್ತು ಕಾಯುತ್ತಾರೆಂದು ಅಳೆಯುವುದು ಹೇಗೆ?

ಎರಡು ದಾರಿಗಳಿವೆ. ಎರಡಕ್ಕೂ ಪೆನ್ನು, ಕಾಗದ ಸಾಕು.

ಮೊದಲನೆಯದು ತಲೆ ಎಣಿಕೆ. ಒಪಿಡಿ ತೆರೆದ ಹೊತ್ತಿನಿಂದ ಮುಚ್ಚುವವರೆಗೆ ಅರ್ಧ ಗಂಟೆಗೊಮ್ಮೆ ಆವರಣದಲ್ಲಿರುವ ರೋಗಿಗಳನ್ನು ಎಣಿಸಿ, ಸರಾಸರಿ ತೆಗೆಯಿರಿ. ಜೊತೆಗೆ ಬಂದವರನ್ನು ಎಣಿಸಬೇಡಿ, ಸಂದೇಹವಿದ್ದರೆ ಚೀಟಿ ಯಾರ ಕೈಯಲ್ಲಿದೆ ನೋಡಿ. ಆ ಸರಾಸರಿಯನ್ನು ಗಂಟೆಗೆ ಎಷ್ಟು ರೋಗಿಗಳು ಕೆಲಸ ಮುಗಿಸಿ ಹೋಗುತ್ತಾರೋ ಅದರಿಂದ ಭಾಗಿಸಿ. ಆರು ಗಂಟೆಯಲ್ಲಿ 240 ಜನ ಬಂದು ಹೋದರೆ ಗಂಟೆಗೆ 40. ಸರಾಸರಿ 60 ತಲೆ ಕಂಡರೆ, 60 ಭಾಗಿಸು 40, ಅಂದರೆ ಒಬ್ಬೊಬ್ಬರೂ ಸರಾಸರಿ ಒಂದೂವರೆ ಗಂಟೆ ಒಳಗಿದ್ದಾರೆ. 1961ರಲ್ಲಿ ಜಾನ್ ಲಿಟಲ್ ಗಣಿತದಲ್ಲಿ ಸಾಬೀತು ಮಾಡಿದ ಈ ಸೂತ್ರಕ್ಕೆ ಸರದಿ ಎಷ್ಟು ಅಡ್ಡಾದಿಡ್ಡಿ ಇದ್ದರೂ ಪರವಾಗಿಲ್ಲ.

ಎರಡನೆಯದು ಚೀಟಿಯ ಮೇಲೆ ಸಮಯ ಬರೆಯುವುದು. ಸೋಮವಾರ ಐವತ್ತು, ಗುರುವಾರ ಐವತ್ತು ಚೀಟಿ ಆರಿಸಿಕೊಳ್ಳಿ. ಸೋಮವಾರ ಜನ ಹೆಚ್ಚು, ಅದಕ್ಕೇ ಎರಡು ದಿನ ಬೇಕು. ನಾಲ್ಕು ಕಡೆ ಗಡಿಯಾರ ನೋಡಿ ಬರೆಯಬೇಕು: ನೋಂದಣಿಗೆ ನಿಂತಾಗ, ವೈದ್ಯರ ಕೊಠಡಿಗೆ ಹೋದಾಗ, ಲ್ಯಾಬಿನಲ್ಲಿ ರಕ್ತ ಕೊಟ್ಟಾಗ, ಔಷಧ ಕೈಗೆ ಬಂದಾಗ. ಇಲ್ಲಿ ಆಗುವ ತಪ್ಪು ಏನೆಂದರೆ ಮೊದಲ ಸಮಯವನ್ನು ಚೀಟಿ ಕೈಗೆ ಸಿಕ್ಕ ಮೇಲೆ ಬರೆಯುವುದು. ನೋಂದಣಿಯ ಸಾಲಿನಲ್ಲಿ ನಿಂತ ಮುಕ್ಕಾಲು ಗಂಟೆ ಆಗ ಲೆಕ್ಕದಿಂದಲೇ ಮಾಯವಾಗುತ್ತದೆ. ಸಾಲಿನ ಕೊನೆಯಲ್ಲಿರುವವರ ಕೈಗೆ ಸಮಯ ಬರೆದ ತುಂಡು ಕಾಗದ ಕೊಟ್ಟು, ಕೌಂಟರಿನಲ್ಲಿ ಅದನ್ನು ಚೀಟಿಗೆ ಪಿನ್ ಮಾಡಿ.

ಆಭಾ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಕ್ಯೂಆರ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವ ವ್ಯವಸ್ಥೆ 2022ರಿಂದ ಇದೆ. ಅದು ನೋಂದಣಿಯ ಸಾಲನ್ನು ಇಳಿಸುತ್ತದೆ, ವೈದ್ಯರ ಬಾಗಿಲಿನ ಸಾಲನ್ನಲ್ಲ. ಎಲ್ಲಿ ಕಾಯುತ್ತಿದ್ದಾರೆಂದು ಅಳೆಯದೆ ಅದನ್ನು ಹಾಕಿದರೆ ಗುಂಪು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಸರಿಯುತ್ತದೆ, ಅಷ್ಟೆ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಒಂದು ಕೌಂಟರ್ ಉಳಿಸಿಕೊಳ್ಳಿ.

ವೈದ್ಯರು ಒಂದು ಕ್ಷಣವೂ ಬಿಡುವಿಲ್ಲದೆ ನೋಡುತ್ತಾರೆ. ಆದರೂ ಸಾಲು ಕರಗುವುದಿಲ್ಲ, ಏಕೆ?

ಬಿಡುವಿಲ್ಲದಿರುವುದೇ ಕಾರಣ. ರೋಗಿಗಳು ತಮಗೆ ತೋಚಿದ ಹೊತ್ತಿಗೆ ಬರುವಾಗ, ಒಬ್ಬರಿಗೆ ಎರಡು ನಿಮಿಷ ಇನ್ನೊಬ್ಬರಿಗೆ ಹತ್ತು ನಿಮಿಷ ಬೇಕಾಗುವಾಗ, ಒಬ್ಬ ವೈದ್ಯರ ಸಮಯ ಎಷ್ಟು ತುಂಬಿದೆ ಎಂಬುದರ ಮೇಲೆ ಕಾಯುವಿಕೆ ನೇರ ರೇಖೆಯಂತೆ ಏರುವುದಿಲ್ಲ, ಕೊನೆಯಲ್ಲಿ ಜಿಗಿಯುತ್ತದೆ. ಸರದಿ ಸಿದ್ಧಾಂತದ ಅತಿ ಸರಳ ಮಾದರಿಯಲ್ಲಿ, ಸರಾಸರಿ ತಪಾಸಣೆ 5 ನಿಮಿಷದ್ದಾದರೆ:

ವೈದ್ಯರ ಸಮಯ ಶೇ. 80 ತುಂಬಿದ್ದರೆ ಸರಾಸರಿ ಕಾಯುವಿಕೆ 20 ನಿಮಿಷ,
ಶೇ. 90 ತುಂಬಿದ್ದರೆ 45 ನಿಮಿಷ,
ಶೇ. 95 ತುಂಬಿದ್ದರೆ 95 ನಿಮಿಷ.

ಕೊನೆಯ ಐದು ಶೇಕಡಾ ವೈದ್ಯರ ಸಮಯ ಹಿಂಡಲು ಪ್ರತಿ ರೋಗಿಯ ಐವತ್ತು ನಿಮಿಷ ಸುರಿದಂತಾಯಿತು. ವೈದ್ಯರ ಒಂದು ನಿಮಿಷ ದುಬಾರಿ, ರೋಗಿಯ ಒಂದು ಗಂಟೆ ಪುಕ್ಕಟೆ ಎಂದು ಹಿಡಿದಾಗ ಮಾತ್ರ ಇದು ಲಾಭದ ವ್ಯವಹಾರ. ಬಿಪಿ ನೋಡುವುದು, ಹಳೆಯ ಚೀಟಿ ತೆಗೆದು ಜೋಡಿಸುವುದು, ಮಾತ್ರೆಯ ಹೆಸರು ಬರೆದುಕೊಳ್ಳುವುದು ಇಷ್ಟನ್ನು ಬಾಗಿಲಾಚೆ ನರ್ಸ್ ಮಾಡಿ ಮುಗಿಸಿದರೆ, ಪ್ರತಿ ತಪಾಸಣೆಯಲ್ಲಿ ಅರ್ಧ ನಿಮಿಷ ಉಳಿದರೂ ಶೇ. 95 ಇದ್ದದ್ದು ಶೇ. 86ರ ಹತ್ತಿರ ಬರುತ್ತದೆ. ಆಗ 95 ನಿಮಿಷದ ಕಾಯುವಿಕೆ ಅರ್ಧ ಗಂಟೆಗಿಂತ ಕೆಳಗಿಳಿಯುತ್ತದೆ. ಹೊಸ ವೈದ್ಯರ ಹುದ್ದೆ ಮಂಜೂರಾಗುವವರೆಗೆ ಕಾಯಬೇಕಿಲ್ಲ.

ಟೈಮ್ ಕೊಟ್ಟು ಕರೆದರೆ ಜನ ಬರುವುದಿಲ್ಲ ಎನ್ನುತ್ತಾರಲ್ಲ?

ಎಂಟಕ್ಕೇ ಬಂದು ಸಾಲು ಹಿಡಿಯುವುದು ಜನರ ಹಠವಲ್ಲ. ಮೊದಲು ಬಂದವರಿಗೆ ಮೊದಲು ಎಂಬ ನಿಯಮ ಇದ್ದಾಗ ಬೇಗ ಬರುವುದೇ ಬುದ್ಧಿವಂತಿಕೆ. ಮರುತಪಾಸಣೆಗೆ ಬರುವವರಿಗೆ ಮಾತ್ರ ಮೊದಲು ಸಮಯ ಕೊಟ್ಟು ನೋಡಿ: ಚೀಟಿಯ ಮೇಲೆ “ಗುರುವಾರ, 10ರಿಂದ 11” ಎಂದು ಬರೆದರೆ ಸಾಕು. ಹಳ್ಳಿಯ ಬಸ್ಸು ನಿಮಿಷಕ್ಕೆ ಸರಿಯಾಗಿ ಬರುವುದಿಲ್ಲ, ಆದ್ದರಿಂದ ಒಂದು ಗಂಟೆಯ ಅವಧಿಯೇ ಸರಿ.

1952ರಲ್ಲಿ ಇಂಗ್ಲೆಂಡಿನಲ್ಲಿ ಬೈಲಿ ಮತ್ತು ವೆಲ್ಷ್ ಹೇಳಿದ ನಿಯಮ ಇಂದಿಗೂ ಉಪಯೋಗಕ್ಕೆ ಬರುತ್ತದೆ: ಶುರುವಿಗೆ ಇಬ್ಬರನ್ನು ಕರೆಯಿರಿ, ಉಳಿದವರನ್ನು ಸರಾಸರಿ ತಪಾಸಣೆಯ ಅಂತರದಲ್ಲಿ ಕರೆಯಿರಿ. ಒಬ್ಬರು ಬಾರದಿದ್ದರೂ ವೈದ್ಯರು ಖಾಲಿ ಕೂರುವುದಿಲ್ಲ. ಆದರೆ ವೈದ್ಯರೇ ವಾರ್ಡ್ ರೌಂಡ್ಸ್ ಮುಗಿಸಿ ನಲವತ್ತು ನಿಮಿಷ ತಡವಾಗಿ ಬಂದರೆ ಯಾವ ನಿಯಮವೂ ನಿಲ್ಲದು. ಹತ್ತಕ್ಕೆ ಬಂದವರು ಹನ್ನೊಂದಕ್ಕೂ ಕೂತಿದ್ದರೆ ಮುಂದಿನ ಸಲ ಎಂಟಕ್ಕೇ ಬರುತ್ತಾರೆ. ಒಪಿಡಿ ನಿಜವಾಗಿ ಶುರುವಾಗುವ ಹೊತ್ತನ್ನೇ ಬೋರ್ಡಿನ ಮೇಲೆ ಬರೆಯಿರಿ.

ಒಂದೇ ಒಂದು ಬದಲಾವಣೆ ಮಾಡಲು ಸಾಧ್ಯವೆಂದರೆ ಯಾವುದು?

“ರಿಪೋರ್ಟಿಗೆ ನಾಳೆ ಬನ್ನಿ” ಎಂಬುದನ್ನು ನಿಲ್ಲಿಸಿ. ಮೇಲಿನ ಲೆಕ್ಕದಲ್ಲಿ ಆ ಒಂದು ಮಾತಿನ ಬೆಲೆ 1,180 ರೂಪಾಯಿ. ದಿನಕ್ಕೆ ಇಪ್ಪತ್ತು ಜನರಿಗೆ ಹೇಳಿದರೆ 23,600.

ರಕ್ತದ ಸಕ್ಕರೆ, ಕ್ರಿಯಾಟಿನಿನ್, ಹಿಮೋಗ್ಲೋಬಿನ್ ಇವೆಲ್ಲ ಯಂತ್ರಕ್ಕೆ ಹೋದ ಮೇಲೆ ತಾಸಿನೊಳಗೆ ಮುಗಿಯುವ ಪರೀಕ್ಷೆಗಳು. ತಡವಾಗುವುದು ಮಾದರಿಗಳನ್ನು ಮಧ್ಯಾಹ್ನದವರೆಗೆ ಕೂಡಿಟ್ಟು ಒಮ್ಮೆಲೇ ಓಡಿಸುವುದರಿಂದ, ರಿಪೋರ್ಟಿಗೆ ಸಹಿ ಹಾಕುವವರು ಸಂಜೆ ಬರುವುದರಿಂದ. 9, 10:30 ಮತ್ತು 12ಕ್ಕೆ ಮೂರು ಸಲ ಓಡಿಸಿದರೆ ಬಹುಪಾಲು ರೋಗಿಗಳು ಅದೇ ದಿನ ವೈದ್ಯರನ್ನು ಮತ್ತೆ ಕಾಣಬಹುದು. ರಿಪೋರ್ಟ್ ತೋರಿಸುವವರಿಗೆ ಹೊಸ ಟೋಕನ್ ಕೊಟ್ಟು ಸಾಲಿನ ಕೊನೆಗೆ ಕಳಿಸಬೇಡಿ. ಪ್ರತಿ ಮೂರು ಹೊಸ ರೋಗಿಗಳ ನಡುವೆ ಒಬ್ಬ ರಿಪೋರ್ಟ್ ರೋಗಿಯನ್ನು ಬಿಡುವ ಪದ್ಧತಿ ಜಗಳವಿಲ್ಲದೆ ನಡೆಯುತ್ತದೆ.

ಪರೀಕ್ಷೆಯ ಆಯ್ಕೆಯಲ್ಲೂ ಅನುಕೂಲವಿದೆ. ಖಾಲಿ ಹೊಟ್ಟೆಯ ಸಕ್ಕರೆ ಪರೀಕ್ಷೆಗೆಂದು ದೂರದವರು ಐದಕ್ಕೇ ಮನೆ ಬಿಡುತ್ತಾರೆ, ಊಟದ ನಂತರದ್ದಕ್ಕೆ ಮತ್ತೆ ಎರಡು ಗಂಟೆ ಕೂರುತ್ತಾರೆ. ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸ ಬೇಡ, ಯಾವ ಹೊತ್ತಿಗಾದರೂ ರಕ್ತ ಕೊಡಬಹುದು, ಸುಮಾರು ಮೂರು ತಿಂಗಳ ಸರಾಸರಿ ಸಿಗುತ್ತದೆ. ರಕ್ತಹೀನತೆ ಇರುವವರಲ್ಲಿ ಮಾತ್ರ ಅದರ ಅಂಕಿ ದಾರಿ ತಪ್ಪಿಸಬಹುದು, ಅವರಿಗೆ ಹಳೆಯ ಪರೀಕ್ಷೆಯೇ ಸರಿ.

ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡೋಣವೆಂದರೆ ಸ್ಟಾಕ್ ಸಾಲುವುದಿಲ್ಲ. ಏನು ಮಾಡುವುದು?

ಎಲ್ಲರಿಗೂ ಒಂದೇ ತಿಂಗಳು ಶುರು ಮಾಡಿದರೆ ಸಾಲುವುದಿಲ್ಲ, ನಿಜ. 600 ಬಿಪಿ ರೋಗಿಗಳು, ದಿನಕ್ಕೊಂದು ಮಾತ್ರೆ ಎಂದುಕೊಳ್ಳಿ. ಈಗ ತಿಂಗಳಿಗೆ 18,000 ಮಾತ್ರೆ ಹೋಗುತ್ತದೆ. ಒಮ್ಮೆಲೇ ಎಲ್ಲರಿಗೂ 90 ಕೊಟ್ಟರೆ ಆ ತಿಂಗಳು 54,000 ಬೇಕು. ಹೆಚ್ಚಿನ ಕಡೆ ಯೋಜನೆ ನಿಲ್ಲುವುದು ಇಲ್ಲೇ.

ಮೂರು ಗುಂಪು ಮಾಡಿ. ಮೊದಲ ತಿಂಗಳು 200 ಜನರಿಗೆ 90, ಉಳಿದ 400 ಜನರಿಗೆ 30: ಒಟ್ಟು 30,000. ಎರಡನೇ ತಿಂಗಳು ಇನ್ನೊಂದು 200 ಜನರಿಗೆ 90, ಕೊನೆಯ 200 ಜನರಿಗೆ 30: ಒಟ್ಟು 24,000. ಮೂರನೇ ತಿಂಗಳು ಕೊನೆಯ ಗುಂಪಿಗೆ 90: 18,000. ನಾಲ್ಕನೇ ತಿಂಗಳಿಂದ ಯಾವಾಗಲೂ 18,000. ಅಂದರೆ ಇಡೀ ಬದಲಾವಣೆಗೆ ಬೇಕಾದ ಹೆಚ್ಚುವರಿ ಸ್ಟಾಕ್ 18,000 ಮಾತ್ರೆ, ಒಂದು ತಿಂಗಳಿನದು, ಅದೂ ಒಂದೇ ಸಲ. ಮುಂಚಿನ ತ್ರೈಮಾಸಿಕದ ಇಂಡೆಂಟಿನಲ್ಲೇ (ಔಷಧದ ಬೇಡಿಕೆ ಪಟ್ಟಿ) ಇದನ್ನು ಸೇರಿಸಿ. ಬದಲಾಗಿ ಪ್ರತಿ ರೋಗಿಗೆ ವರ್ಷಕ್ಕೆ ಎಂಟು ಓಡಾಟ ಉಳಿಯುತ್ತದೆ, ಮೇಲಿನ ದರದಲ್ಲಿ 9,440 ರೂಪಾಯಿ. ಔಷಧ ಕೌಂಟರಿನ ಸಾಲು ಮೂರನೇ ಒಂದು ಪಾಲಿಗೆ ಇಳಿಯುವುದು ಬೇರೆ.

ಎಲ್ಲರಿಗೂ ಇದು ಸಲ್ಲದು. ಸತತ ಎರಡು ಭೇಟಿಯಲ್ಲಿ ಬಿಪಿ 140/90ಕ್ಕಿಂತ ಕೆಳಗಿದ್ದು, ಮಾತ್ರೆ ಬದಲಾಗದಿದ್ದವರಿಗೆ ಕೊಡಿ. ನಡುವೆ ಒಮ್ಮೆ ಹತ್ತಿರದ ಉಪಕೇಂದ್ರದಲ್ಲಿ ಬಿಪಿ ನೋಡಿಸಿ ಚೀಟಿಯಲ್ಲಿ ಬರೆಸಿಕೊಳ್ಳಲಿ. ಅವಧಿ ಮುಗಿಯಲು ನಾಲ್ಕು ತಿಂಗಳೊಳಗಿರುವ ಬ್ಯಾಚನ್ನು ಮೂರು ತಿಂಗಳಿನವರಿಗೆ ಕೊಡಬೇಡಿ.

ಔಷಧದ ದರ ಹೆಚ್ಚಿದ್ದರೂ ಭೇಟಿ ಕಡಿಮೆಯಾದರೆ ಲಾಭವೇ?

ಬಹಳ ಸಲ ಹೌದು, ಆದರೆ ಲೆಕ್ಕ ಹಾಕದೆ ಹೇಳಬಾರದು. ಗರ್ಭಿಣಿಯ ರಕ್ತಹೀನತೆಗೆ ಕೊಡುವ ಕಬ್ಬಿಣದ ಇಂಜೆಕ್ಷನ್ ನೋಡಿ. ಐರನ್ ಸುಕ್ರೋಸ್ ಒಂದು ಸಲಕ್ಕೆ 200 ಮಿಲಿಗ್ರಾಂ, ಅಂದರೆ 1,000 ಮಿಲಿಗ್ರಾಂ ತುಂಬಲು ಐದು ಭೇಟಿ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಆದರೆ 1,000 ಮಿಲಿಗ್ರಾಂ ಹದಿನೈದು ನಿಮಿಷದಲ್ಲಿ ಒಂದೇ ಸಲ, ಆಮೇಲೆ ಅರ್ಧ ಗಂಟೆ ನಿಗಾ. ಗರ್ಭಿಣಿ ಮತ್ತು ಅತ್ತೆ ಬಂದು ಹೋಗಲು ಆಟೋ, ಊಟ 160 ರೂಪಾಯಿ, ಇಬ್ಬರ ದಿನ 740 ರೂಪಾಯಿ, ಒಟ್ಟು 900. ನಾಲ್ಕು ಭೇಟಿ ಉಳಿದರೆ 3,600. ಎರಡು ಔಷಧಗಳ ಖರೀದಿ ದರದ ವ್ಯತ್ಯಾಸ ಇದಕ್ಕಿಂತ ಕಡಿಮೆ ಇದ್ದರೆ ಸಮಾಜಕ್ಕೆ ಲಾಭ. ಅದರ ಮೇಲೆ, ಐದು ಸಲ ಬರಬೇಕಾದವರಲ್ಲಿ ಮೂರಕ್ಕೇ ನಿಲ್ಲಿಸುವವರಿರುತ್ತಾರೆ, ಅವರಿಗೆ ಪೂರ್ತಿ ಕಬ್ಬಿಣ ಸೇರುವುದೇ ಇಲ್ಲ. ಎರಡು ಎಚ್ಚರಿಕೆ: ಮೊದಲ ಮೂರು ತಿಂಗಳಲ್ಲಿ ಕೊಡುವಂತಿಲ್ಲ, ಮತ್ತು ತೂಕ 50 ಕೆಜಿಗಿಂತ ಕಡಿಮೆ ಇದ್ದವರಿಗೆ 1,000 ಮಿಲಿಗ್ರಾಂ ಒಂದೇ ಸಲಕ್ಕೆ ಪೂರ್ತಿ ಕೊಡಲಾಗದು. ನಮ್ಮ ಎಷ್ಟೋ ಗರ್ಭಿಣಿಯರಿಗೆ ಹಾಗಾಗಿ ಎರಡು ಭೇಟಿ ಬೇಕಾಗಬಹುದು.

ತೊಡಕು ಎಲ್ಲಿ ಎಂದರೆ, ದುಬಾರಿ ಔಷಧದ ಹಣ ಇಲಾಖೆಯ ಜೇಬಿನಿಂದ, ಉಳಿತಾಯ ಮನೆಯವರ ಜೇಬಿಗೆ. ಇಲಾಖೆಯ ಪುಸ್ತಕ ಮಾತ್ರ ನೋಡಿದರೆ ಅಗ್ಗದ್ದೇ ಗೆಲ್ಲುತ್ತದೆ. ಎರಡೂ ಪುಸ್ತಕಗಳನ್ನು ಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಬೆಳೆಯಬೇಕು.

ನಾಯಿ ಕಡಿತದ ಲಸಿಕೆಗೆ “ಇನ್ನಿಬ್ಬರು ಬರಲಿ, ವಯಲ್ ವ್ಯರ್ಥವಾಗುತ್ತದೆ, ನಾಳೆ ಬನ್ನಿ” ಎನ್ನುವುದು ಸರಿಯೇ?

ಸರಿಯಲ್ಲ, ಮೊದಲ ಡೋಸಿನಲ್ಲಂತೂ ಎಂದೂ ಸರಿಯಲ್ಲ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಒಬ್ಬರಿಗೆ ಎರಡು ಕಡೆ 0.1 ಮಿಲಿಲೀಟರ್ ಸಾಕು, ವಯಲಿನಲ್ಲಿ (ಲಸಿಕೆಯ ಪುಟ್ಟ ಸೀಸೆ) ಉಳಿದದ್ದು ಬೇರೆಯವರಿಗೆ, ತೆರೆದ ವಯಲನ್ನು ಕೆಲವೇ ಗಂಟೆಗಳಲ್ಲಿ ಬಳಸಬೇಕು ಎಂಬ ಕಾರಣಕ್ಕೆ ಈ ಮಾತು ಬರುತ್ತದೆ. ರೇಬಿಸ್ ಬಂದ ಮೇಲೆ ಉಳಿಸುವ ಚಿಕಿತ್ಸೆ ಇಲ್ಲ. ವ್ಯರ್ಥವಾಗುವ ಲಸಿಕೆಯ ಬೆಲೆಯನ್ನು ಅದರ ಪಕ್ಕದಲ್ಲಿಡಲಾಗದು. 0, 3, 7, 28ನೇ ದಿನಗಳ ನಾಲ್ಕು ಭೇಟಿಯಲ್ಲಿ ಮರೆತು ಹೋಗುವುದು ಕೊನೆಯದು, ಏಕೆಂದರೆ ಗಾಯ ಅಷ್ಟರಲ್ಲಿ ಮಾಗಿರುತ್ತದೆ. ಮೊದಲ ದಿನವೇ ನಾಲ್ಕೂ ತಾರೀಕು ಬರೆದು ಕೊಡಿ. 3, 7, 28ನೇ ದಿನದ ಡೋಸುಗಳನ್ನು ಹಳ್ಳಿಯ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಪಡೆಯುವಂತೆ ಚೀಟಿಯಲ್ಲೇ ಸೂಚಿಸಿ, ಆದರೆ ಅಲ್ಲಿ ಲಸಿಕೆ ಇದೆಯೇ ಎಂದು ಫೋನ್ ಮಾಡಿ ಕೇಳಿದ ಮೇಲೆ.

ಕ್ಯಾನ್ಸರ್, ಡಯಾಲಿಸಿಸ್‌ನಂಥ ದೀರ್ಘ ಚಿಕಿತ್ಸೆಯಲ್ಲಿ?

ಅಲ್ಲಿ ಅಂಕಿಗಳು ಬೇರೆಯೇ ಗಾತ್ರದವು. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ರೇಡಿಯೇಶನ್ ಹಿಂದೆ 25 ಸಲ, ಐದು ವಾರ ಇರುತ್ತಿತ್ತು. ಬ್ರಿಟನ್ನಿನ ಪ್ರಯೋಗಗಳ ನಂತರ 15 ಸಲ, ಮೂರು ವಾರ ಎಂಬುದು ಒಪ್ಪಿತವಾಯಿತು. 2020ರಲ್ಲಿ ಪ್ರಕಟವಾದ ಐದು ವರ್ಷಗಳ ಫಲಿತಾಂಶ, ಆಯ್ದ ರೋಗಿಗಳಲ್ಲಿ ಒಂದೇ ವಾರದ 5 ಸಲವೂ ಕಡಿಮೆಯೇನಲ್ಲ ಎಂದು ತೋರಿಸಿತು. ರಾಯಚೂರು ಜಿಲ್ಲೆಯಿಂದ ಬಂದು ಬೆಂಗಳೂರಿನ ಕಿದ್ವಾಯಿ ಹತ್ತಿರ ರೂಮು ಹಿಡಿದ ಇಬ್ಬರಿಗೆ ದಿನಕ್ಕೆ ಊಟ, ವಸತಿ 500, ಕೂಲಿ 740, ಒಟ್ಟು 1,240 ಎಂದರೆ, ಎರಡು ವಾರ ಉಳಿದರೆ 17,360 ರೂಪಾಯಿ. ಯಂತ್ರವೂ ಬೇರೆಯವರಿಗೆ ಬೇಗ ಸಿಗುತ್ತದೆ. ಎಲ್ಲರಿಗೂ ಇದು ಹೊಂದದು, ತೀರ್ಮಾನ ರೇಡಿಯೇಶನ್ ತಜ್ಞರದು. ಆದರೆ “ಕಡಿಮೆ ದಿನದ ಕ್ರಮ ನನಗೆ ಆಗುತ್ತದೆಯೇ?” ಎಂದು ರೋಗಿ ಕೇಳುವುದು ತಪ್ಪಲ್ಲ.

ಹಿಮೋಡಯಾಲಿಸಿಸ್ ವಾರಕ್ಕೆ ಮೂರು ಸಲವಾದರೆ ವರ್ಷಕ್ಕೆ 156 ಸಲ, ಪ್ರತಿ ಸಲ ಯಂತ್ರದ ಮೇಲೆ ಸುಮಾರು ನಾಲ್ಕು ಗಂಟೆ. ಓಡಾಟಕ್ಕೆ 300 ರೂಪಾಯಿ, ಜೊತೆಗಿರುವವರ ಕೂಲಿ 370 ಎಂದರೆ ವರ್ಷಕ್ಕೆ 1,04,520 ರೂಪಾಯಿ, ಡಯಾಲಿಸಿಸ್ ಪೂರ್ತಿ ಉಚಿತವಾಗಿದ್ದರೂ. ಹೊಟ್ಟೆಯೊಳಗೆ ದ್ರಾವಣ ತುಂಬಿ ಹೊರತೆಗೆಯುವ, ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್ ಈ ಓಡಾಟ ತಪ್ಪಿಸುತ್ತದೆ. ಆದರೆ ದಿನಕ್ಕೆ ನಾಲ್ಕು ಸಲ ಎರಡು ಲೀಟರಿನ ಚೀಲ ಎಂದರೆ ತಿಂಗಳಿಗೆ 240 ಲೀಟರ್ ದ್ರಾವಣದ ಪೆಟ್ಟಿಗೆಗಳಿಗೆ ಒಣಗಿದ ಜಾಗ ಬೇಕು. ಕೈ ಸರಿಯಾಗಿ ತೊಳೆಯದಿದ್ದರೆ ಹೊಟ್ಟೆಯೊಳಗೆ ಸೋಂಕು ಬರುತ್ತದೆ. ಒಂದು ಕೋಣೆಯ ಮನೆಯಲ್ಲಿ ಆರು ಜನ ಇರುವವರಿಗೆ ಇದು ಅನುಕೂಲವಲ್ಲ.

ಫೋನು, ವಿಡಿಯೊ ಮೂಲಕ ವೈದ್ಯರ ಸಲಹೆ ಪಡೆಯುವ ಇ-ಸಂಜೀವನಿಯಂಥ ಟೆಲಿ ಸಮಾಲೋಚನೆ ಎಲ್ಲವನ್ನೂ ಬಗೆಹರಿಸುವುದಿಲ್ಲವೇ?

ಮರುತಪಾಸಣೆ, ರಿಪೋರ್ಟ್ ಓದುವುದು, ಚರ್ಮ ಮತ್ತು ಮನೋರೋಗದ ಸಲಹೆ, ಇವುಗಳಿಗೆ ಚೆನ್ನಾಗಿ ಒದಗುತ್ತದೆ. ಎಣಿಸಬೇಕಾದ ಒಂದೇ ಅಂಕಿ: ನೂರು ಕರೆಗಳಲ್ಲಿ ಎಷ್ಟು ಜನರಿಗೆ “ನೇರವಾಗಿ ಬನ್ನಿ” ಎನ್ನಬೇಕಾಯಿತು? ನಲವತ್ತು ಎಂದರೆ ಉಳಿದದ್ದು ಅರವತ್ತು ಓಡಾಟ, ನೂರಲ್ಲ. ತಜ್ಞರು ಬರೆದ ಮಾತ್ರೆ ಉಪಕೇಂದ್ರದಲ್ಲಿ ಇಲ್ಲದಿದ್ದರೆ ರೋಗಿ ಹೇಗೂ ತಾಲ್ಲೂಕಿಗೆ ಬರಲೇಬೇಕು. ಆದ್ದರಿಂದ ಉಪಕೇಂದ್ರದ ಔಷಧ ಪಟ್ಟಿಯನ್ನು ಕರೆ ತೆಗೆದುಕೊಳ್ಳುವ ವೈದ್ಯರ ಮುಂದೆ ಇಡಿ. ನಿದ್ರೆ, ನೋವಿಗೆ ಕೊಡುವ ಕೆಲವು ನಿಯಂತ್ರಿತ ಔಷಧಗಳನ್ನು 2020ರ ಮಾರ್ಗಸೂಚಿಯ ಪ್ರಕಾರ ಫೋನಿನಲ್ಲಿ ಬರೆಯುವಂತಿಲ್ಲ.

ಅನುಕೂಲ ಹೆಚ್ಚಾದರೆ ಜನ ಬೇಡದ್ದಕ್ಕೂ ಬರುವುದಿಲ್ಲವೇ?

ಬರಬಹುದು. ಕ್ಯಾಲಿಫೋರ್ನಿಯದಲ್ಲಿ ಆರೋಗ್ಯ ವಿಮೆ ಪಡೆದವರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೆಗಡಿ ಕೆಮ್ಮಿನಂಥ ಉಸಿರಾಟದ ತೊಂದರೆಗೆ ಮಾಡಿದ ಟೆಲಿ ಭೇಟಿಗಳಲ್ಲಿ ಶೇ. 12 ಮಾತ್ರ ಬೇರೆ ಭೇಟಿಯ ಬದಲಿಗೆ ಆದದ್ದು, ಶೇ. 88 ಹೊಸ ಬಳಕೆ. ಹಾಗಾಗಿ ತಾನಾಗಿ ವಾಸಿಯಾಗುವ ಕಾಯಿಲೆಯಲ್ಲಿ ಉಳಿತಾಯದ ಮಾತು ಎಚ್ಚರಿಕೆಯಿಂದ ಆಡಬೇಕು. ಬಿಪಿ, ಶುಗರ್, ಕ್ಷಯ, ಗರ್ಭಿಣಿ ತಪಾಸಣೆ ಇಂಥವುಗಳಲ್ಲಿ ನಮ್ಮ ಊರುಗಳ ಕಷ್ಟ ತದ್ವಿರುದ್ಧ: ಬರಬೇಕಾದವರು ಬರುತ್ತಿಲ್ಲ. ಅಲ್ಲಿ ಹೊಸ ಬಳಕೆ ನಷ್ಟವಲ್ಲ, ಅದಕ್ಕಾಗಿಯೇ ಹಣ ಹಾಕುವುದು.

ಆಶಾ ಕಾರ್ಯಕರ್ತೆಯರ ಕೈಲಿ ಮನೆಗೇ ಮಾತ್ರೆ ಕಳಿಸಿದರೆ ಖರ್ಚೇ ಇಲ್ಲವಲ್ಲ?

ಇದೆ, ಅದನ್ನು ಅವರು ಹೊರುತ್ತಾರೆ. ದಿನಕ್ಕೆ ಹತ್ತು ಮನೆ, ಮನೆಗೆ ಹದಿನೈದು ನಿಮಿಷ ಎಂದರೆ ಎರಡೂವರೆ ಗಂಟೆ. ಆ ಸಮಯಕ್ಕೆ ಪ್ರೋತ್ಸಾಹಧನ ನಿಗದಿ ಮಾಡದೆ “ರೋಗಿಗೆ ಇಷ್ಟು ಉಳಿಯಿತು” ಎಂದು ವರದಿ ಬರೆಯುವುದು ಅನ್ಯಾಯ. ಒಬ್ಬ ಬಡ ಹೆಂಗಸಿನ ಸಮಯವನ್ನು ಉಳಿಸಲು ಇನ್ನೊಬ್ಬ ಬಡ ಹೆಂಗಸಿನ ಸಮಯ ತೆಗೆದುಕೊಂಡಂತಾಯಿತು. ಅವರ ಗಂಟೆಯನ್ನು ಖರ್ಚಿನ ಕಡೆ ಬರೆದು, ಆಮೇಲೂ ಉಳಿತಾಯ ನಿಂತರೆ ಮಾತ್ರ ಮುಂದುವರಿಯಿರಿ.

ಖಾಸಗಿ ನರ್ಸಿಂಗ್ ಹೋಂಗೆ ಇದರಿಂದ ಏನು?

ತಪ್ಪಿದ ಅಪಾಯಿಂಟ್‌ಮೆಂಟ್ ಕಡಿಮೆಯಾಗುತ್ತದೆ, ಮರುತಪಾಸಣೆಗೆ ಬರುವವರು ಹೆಚ್ಚುತ್ತಾರೆ, ಸಂಜೆಯ ಖಾಲಿ ಕೊಠಡಿ ದುಡಿಯುತ್ತದೆ. ಹಿಂದಿನ ಸಂಜೆ ಫೋನ್ ಮಾಡಿ ನೆನಪಿಸುವುದು ಅತಿ ಅಗ್ಗದ ಕೆಲಸ. ಮನೆಗೇ ಬಂದು ರಕ್ತ ತೆಗೆಯುವ ಸೇವೆ ಇಟ್ಟರೆ ಮಾದರಿ ಬಿಸಿಲಿನಲ್ಲಿ ಬೈಕಿನ ಮೇಲೆ ಸುತ್ತದಂತೆ ನೋಡಿಕೊಳ್ಳಿ. ರಕ್ತದಿಂದ ಸೀರಂ ಎಂಬ ತಿಳಿ ದ್ರವ ಬೇರ್ಪಡಿಸುವುದು ತಡವಾದರೆ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ, ಸಕ್ಕರೆ ಸುಳ್ಳಾಗಿ ಇಳಿಯುತ್ತದೆ. ಆಗ ಮತ್ತೆ ಪರೀಕ್ಷೆ, ಮತ್ತೆ ಖರ್ಚು.

ಮೇಲಧಿಕಾರಿಗಳ ಮುಂದೆ ಪ್ರಸ್ತಾವನೆ ಇಡುವಾಗ ಏನೇನು ಬರೆಯಬೇಕು?

ಒಂದು ಹಾಳೆ ಸಾಕು. ಮೇಲ್ಗಡೆ ಒಂದು ಭೇಟಿಯ ಬೆಲೆ, ಅದರ ಐದು ಸಾಲಿನ ವಿವರದೊಂದಿಗೆ. ಅದರ ಕೆಳಗೆ ವರ್ಷಕ್ಕೆ ಉಳಿಯುವ ಭೇಟಿಗಳ ಸಂಖ್ಯೆ, ರಿಜಿಸ್ಟರಿನಿಂದ ತೆಗೆದದ್ದು. ಆಮೇಲೆ ಆಸ್ಪತ್ರೆಗೆ ಬೀಳುವ ಹೆಚ್ಚುವರಿ ಖರ್ಚು. ಆಸ್ಪತ್ರೆಯ ಉಳಿತಾಯ ಮತ್ತು ಮನೆಯವರ ಉಳಿತಾಯವನ್ನು ಬೇರೆ ಬೇರೆ ಕಾಲಮಿನಲ್ಲಿ ಬರೆಯಿರಿ. ಎರಡನ್ನೂ ಕೂಡಿಸಿ ಒಂದೇ ದೊಡ್ಡ ಮೊತ್ತ ತೋರಿಸಿದರೆ, “ಈ ಹಣ ಯಾವ ಲೆಕ್ಕಶೀರ್ಷಿಕೆಗೆ ವಾಪಸ್ ಬರುತ್ತದೆ?” ಎಂಬ ಮೊದಲ ಪ್ರಶ್ನೆಗೇ ಪ್ರಸ್ತಾವನೆ ಬಿದ್ದುಹೋಗುತ್ತದೆ. ಕೂಲಿಯನ್ನು ಅರ್ಧ ದಿನಕ್ಕೆ ಇಳಿಸಿ ಇನ್ನೊಮ್ಮೆ ಲೆಕ್ಕ ಹಾಕಿ ಪಕ್ಕದಲ್ಲೇ ಬರೆಯಿರಿ. ಬಿಪಿ ಉದಾಹರಣೆಯಲ್ಲಿ ಹಾಗೆ ಮಾಡಿದರೂ ಒಂದು ಭೇಟಿ 810 ರೂಪಾಯಿ, ಎಂಟು ಭೇಟಿ 6,480 ರೂಪಾಯಿ. ಕೊನೆಗೆ ನೂರು ಚೀಟಿಗಳ ಕಾಯುವಿಕೆಯ ಪಟ್ಟಿಯನ್ನು ಲಗತ್ತಿಸಿ, ಮೂರು ತಿಂಗಳ ನಂತರ ಅದೇ ವಾರದ ದಿನಗಳಲ್ಲಿ ಮತ್ತೆ ಅಳೆಯುವ ತಾರೀಕನ್ನೂ ಬರೆಯಿರಿ.